ಚದುರಂಗದ ಮಣೆಯ ಆ ದೊಡ್ಡ ಸಂಖ್ಯೆ: 18446744073709551615 ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಚದುರಂಗದ ಕಥೆ ಹೇಳಿದ ದಿನ ಪಾಠ ಮುಂದೆ ಹೋಗುವುದೇ ಇಲ್ಲ. ಮಕ್ಕಳು, ಅವರನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು, ಎಲ್ಲರೂ ಪ್ರಶ್ನೆ ಕೇಳುತ್ತಾ ನಿಲ್ಲುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಯಾವ ಸಂಖ್ಯೆ ಇದು? ಇದನ್ನು ಓದುವುದು ಹೇಗೆ?

ಚದುರಂಗದ ಮಣೆಯಲ್ಲಿ 64 ಮನೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ ಕೊನೆಯ ಮನೆಯವರೆಗೆ ಇಟ್ಟರೆ ಒಟ್ಟು ಬರುವ ಕಾಳು ಇಷ್ಟು. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಒಟ್ಟು 20 ಅಂಕಿ.

ಓದಲು ಕೋಟಿಯನ್ನೇ ಎರಡು ಸಲ ಬಳಸಬೇಕಾಗುತ್ತದೆ: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ಒಂದು ಉಸಿರಿಗೆ ಹೇಳಿ ನೋಡಿ.

ಇದಕ್ಕಿಂತ ಚೆಂದದ ದಾರಿಯೂ ಇದೆ, ಅದು ನಮ್ಮ ನೆಲದ್ದೇ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಇಪ್ಪತ್ತನೇ ಸ್ಥಾನದ ಹೆಸರು ಮಹಾಶಂಖ. ಅಂದರೆ ನಮ್ಮ ಸಂಖ್ಯೆಯ ಮೊಟ್ಟಮೊದಲ 1 ಕೂತಿರುವುದು ಮಹಾಶಂಖದ ಸ್ಥಾನದಲ್ಲಿ. ಇಡೀ ಮಣೆಯ ಕಾಳಿಗೆ ಅವರ ಪಟ್ಟಿಯಲ್ಲಿ ಜಾಗ ಇದೆ, ಇನ್ನೂ ನಾಲ್ಕು ಸ್ಥಾನ ಮಿಗುತ್ತದೆ.

ರಾಜನ ಕಥೆ ನಿಜವಾಗಿ ನಡೆದಿದ್ದಾ?

ಕಥೆ ಕಥೆಯೇ. ಆದರೆ ತುಂಬಾ ಹಳೆಯದು. ಸಿಸ್ಸಾ ಎಂಬ ಜಾಣನೊಬ್ಬ ರಾಜನಿಗೆ ಚದುರಂಗ ಕಲಿಸಿ, ಬಹುಮಾನವಾಗಿ ಹೀಗೆ ಕಾಳು ಕೇಳಿದ ಎಂದು ಹದಿಮೂರನೇ ಶತಮಾನದಲ್ಲಿ ಇಬ್ನ್ ಖಲ್ಲಿಕಾನ್ ಬರೆದಿದ್ದಾರೆ. ಅದಕ್ಕೂ ಮುಂಚೆ, ಸುಮಾರು 1000ನೇ ಇಸವಿಯಲ್ಲೇ ಅಲ್‌ಬಿರೂನಿ ಈ ಮೊತ್ತವನ್ನು ಪೂರ್ತಿ 20 ಅಂಕಿಯಲ್ಲಿ ಸರಿಯಾಗಿ ಲೆಕ್ಕ ಹಾಕಿದ್ದರು.

ಕೇರಳದ ಅಂಬಲಪುಳದಲ್ಲಿ ಇದೇ ಕಥೆ ಕೃಷ್ಣನ ಹೆಸರಲ್ಲಿದೆ. ಕೃಷ್ಣ ಸಾಧುವಿನ ವೇಷದಲ್ಲಿ ಬಂದು ರಾಜನನ್ನು ಆಟದಲ್ಲಿ ಸೋಲಿಸುತ್ತಾನೆ, ಅಕ್ಕಿ ಕೇಳುತ್ತಾನೆ, ರಾಜನಿಗೆ ಕೊಟ್ಟು ತೀರಿಸಲು ಆಗುವುದಿಲ್ಲ. ಅದಕ್ಕೇ ಅಲ್ಲಿನ ದೇವಸ್ಥಾನದಲ್ಲಿ ಇವತ್ತಿಗೂ ಬಂದವರಿಗೆ ಪಾಲ್‌ಪಾಯಸ ಕೊಡುತ್ತಾರೆ ಎಂಬ ನಂಬಿಕೆ.

ಕೊನೆಗೆ 615 ಸರಿಯೋ, 616 ಸರಿಯೋ?

ಎರಡು ಥರವೂ ಬರೆದಿರುತ್ತಾರೆ. ನಾನು ಹುಡುಗನಾಗಿದ್ದಾಗ ಓದಿದ ಒಂದು ಪುಸ್ತಕದಲ್ಲಿ 616 ಅಂತಲೇ ಇತ್ತು. ಎಷ್ಟೋ ವರ್ಷ ನಾನೂ ಹಾಗೇ ಹೇಳಿಕೊಂಡು ಬಂದಿದ್ದೆ. ಸರಿಯಾದ ಉತ್ತರ 615.

2⁶⁴ ಅಂದರೆ ಕೊನೆಗೆ 616 ಬರುವ ಸಂಖ್ಯೆ. ನಮ್ಮದು ಅದಕ್ಕಿಂತ ಒಂದು ಕಡಿಮೆ. ಯಾಕೆ ಕಡಿಮೆ ಅಂತ ಮಕ್ಕಳಿಗೆ ಹೀಗೆ ಹೇಳುತ್ತೇನೆ. ಪಕ್ಕದ ಮನೆಯಿಂದ ಒಂದು ಕಾಳು ಸಾಲ ತನ್ನಿ. ಮೊದಲ ಮನೆಯ ಒಂದು ಕಾಳಿನ ಜೊತೆ ಇದನ್ನು ಸೇರಿಸಿದರೆ ಎರಡು. ಎರಡನೇ ಮನೆಯಲ್ಲಿ ಇರುವುದೂ ಎರಡೇ, ಸೇರಿಸಿದರೆ ನಾಲ್ಕು. ಮೂರನೇ ಮನೆಯಲ್ಲೂ ನಾಲ್ಕು, ಸೇರಿದರೆ ಎಂಟು. ಹೀಗೆ ಪ್ರತಿ ಸಲವೂ ಕೈಯಲ್ಲಿರುವುದು ಮತ್ತು ಮುಂದಿನ ಮನೆಯಲ್ಲಿರುವುದು ಸಮ ಆಗುತ್ತಲೇ ಹೋಗುತ್ತದೆ. ಕೊನೆಗೆ ಕೈಯಲ್ಲಿ 2⁶⁴ ಇರುತ್ತದೆ. ಸಾಲ ತಂದ ಒಂದು ಕಾಳನ್ನು ವಾಪಸ್ ಕೊಡಿ. ಅಷ್ಟೇ, 2⁶⁴ − 1. ಗುಣೋತ್ತರ ಶ್ರೇಢಿಯ ಸೂತ್ರ ಹೇಳುವುದೂ ಇದನ್ನೇ.

ಇನ್ನೊಂದು ತಪ್ಪೂ ಜಾಸ್ತಿ ಕಾಣಿಸುತ್ತದೆ. ಕೊನೆಯ ಮನೆಯಲ್ಲಿ ಇರುವುದು 2⁶⁴ ಅಲ್ಲ, 2⁶³. ಮೊದಲ ಮನೆಯಲ್ಲಿ 2⁰ ಇಟ್ಟೆವು ಅಲ್ವಾ, ಹಾಗಾಗಿ ಒಂದು ಹಿಂದೆ. ಅದು 92,23,37,20,36,85,47,75,808.

ನಿಜವಾಗಿ ಇಟ್ಟರೆ ಅಷ್ಟು ಅಕ್ಕಿ ಎಷ್ಟು ತೂಗುತ್ತದೆ?

ಇದನ್ನು ಒಂದು ಭಾನುವಾರ ಮನೆಯಲ್ಲೇ ಮಾಡಿ ನೋಡಿದೆ. ಅಮ್ಮ ಮೊರದಲ್ಲಿ ಕೇರಿ ನುಚ್ಚು ಬೇರೆ ಮಾಡಿ ಕೊಟ್ಟರು. ಸೋನಾಮಸೂರಿ ಅಕ್ಕಿ. ಸ್ಟೀಲ್ ತಟ್ಟೆಯಲ್ಲಿ ನೂರು ನೂರರ ಹತ್ತು ಗುಡ್ಡೆ ಮಾಡಿ ಎಣಿಸಿದೆ. ಆರನೇ ಗುಡ್ಡೆಗೆ ಬರುವಷ್ಟರಲ್ಲಿ ಲೆಕ್ಕ ತಪ್ಪಿ ಅದೊಂದನ್ನು ಮತ್ತೆ ಎಣಿಸಬೇಕಾಯಿತು. ಅಡುಗೆಮನೆಯ ತಕ್ಕಡಿ ಸಾವಿರ ಕಾಳಿಗೆ 11 ಗ್ರಾಂ ತೋರಿಸಿತು. ಬೇರೆ ಅಕ್ಕಿಯಾದರೆ ಬೇರೆ ತೂಕ ಬರುತ್ತದೆ, ಬಾಸ್ಮತಿಯಾದರೆ ಇನ್ನೂ ಜಾಸ್ತಿ.

ಈ ತೂಕದಲ್ಲಿ ಹದಿನೇಳನೇ ಮನೆಯಲ್ಲಿ 65,536 ಕಾಳು, ಸುಮಾರು 720 ಗ್ರಾಂ. ಅಂದರೆ ಎರಡು ಸಾಲು ಮುಗಿದು ಮೂರನೇ ಸಾಲಿಗೆ ಕಾಲಿಟ್ಟರೂ ಆ ಮನೆಗೆ ಒಂದು ಕಿಲೋ ಅಕ್ಕಿ ಬೇಕಿಲ್ಲ. ರಾಜ ಯಾಕೆ ಒಪ್ಪಿಕೊಂಡ ಅಂತ ಇಲ್ಲಿ ಗೊತ್ತಾಗುತ್ತದೆ. ಅರ್ಧ ಮಣೆ, ಅಂದರೆ 32 ಮನೆ ಮುಗಿದಾಗ ಒಟ್ಟು 47 ಟನ್. 25 ಕಿಲೋ ಮೂಟೆಯಾದರೆ ಸುಮಾರು 1,890 ಮೂಟೆ. ಇದೂ ರಾಜನಿಗೆ ದೊಡ್ಡದಲ್ಲ, ಒಂದು ಸಣ್ಣ ಗೋದಾಮಿನಲ್ಲಿ ಹಿಡಿಯುತ್ತದೆ.

ಉಳಿದ ಅರ್ಧದಲ್ಲಿದೆ ವಿಷಯ. ಇಡೀ ಮಣೆಗೆ ಸುಮಾರು 20,000 ಕೋಟಿ ಟನ್ ಬೇಕು. ಈಚೆಗೆ ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್‌ಗಿಂತ ಸ್ವಲ್ಪ ಜಾಸ್ತಿ. ಒಬ್ಬರೂ ಒಂದು ತುತ್ತೂ ಉಣ್ಣದೆ ಕೂಡಿಟ್ಟರೂ ಹತ್ತಿರ ಹತ್ತಿರ 400 ವರ್ಷದ ಬೆಳೆ.

ಕ್ಯಾಲ್ಕುಲೇಟರ್ ಇಲ್ಲದೆ 2⁶⁴ ಲೆಕ್ಕ ಹಾಕಬಹುದಾ? 63 ಸಲ ಗುಣಿಸಬೇಕಾ?

ಬೇಡ. ಆರೇ ಗುಣಾಕಾರ ಸಾಕು. 2ರ ವರ್ಗ 4, ಅದರ ವರ್ಗ 16, ಅದರ ವರ್ಗ 256, ಅದರ ವರ್ಗ 65,536, ಅದರ ವರ್ಗ 4,29,49,67,296. ಕೊನೆಗೆ ಇದನ್ನೂ ವರ್ಗ ಮಾಡಿದರೆ 2⁶⁴ ಬಂತು. ನನ್ನ ಒಬ್ಬ ವಿದ್ಯಾರ್ಥಿನಿ ಕೊನೆಯ ಗುಣಾಕಾರವನ್ನು ಲೆಕ್ಕದ ಪುಸ್ತಕದ ಎರಡು ಪುಟ ಅಡ್ಡ ತಿರುಗಿಸಿ ಮಾಡಿ ತಂದಿದ್ದಳು. ಒಂದೂ ತಪ್ಪಿರಲಿಲ್ಲ. ಆ ಪುಟ ಈಗಲೂ ನನ್ನ ಹತ್ತಿರ ಇದೆ.

64ನ್ನು ಅರ್ಧ ಮಾಡುತ್ತಾ ಹೋದರೆ 32, 16, 8, 4, 2, 1. ಎಲ್ಲೂ ಮುರಿಯುವುದಿಲ್ಲ. ಹಾಗಾಗಿ ಬರೀ ವರ್ಗ ಮಾಡುತ್ತಾ ಹೋದರೆ ಕೆಲಸ ಆಗುತ್ತದೆ. ಈ ಅರ್ಧ ಮಾಡುವ ಉಪಾಯ ಪಿಂಗಳನ ಛಂದಃಶಾಸ್ತ್ರದಲ್ಲೇ ಇದೆ, ಸುಮಾರು ಎರಡು ಸಾವಿರ ವರ್ಷ ಹಳೆಯದು. ಅವನಿಗೆ ಬೇಕಾಗಿದ್ದುದು ಕಾಳಲ್ಲ, ಲಘು ಗುರುಗಳ ಲೆಕ್ಕ. ಒಂದು ಅಕ್ಷರ ಲಘುವಾಗಬಹುದು ಇಲ್ಲಾ ಗುರುವಾಗಬಹುದು. ಮೂರು ಅಕ್ಷರಕ್ಕೆ 2³, ಎಂಟು ವಿನ್ಯಾಸ. ಶಾಲೆಯಲ್ಲಿ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಅಲ್ಲಿ ಬರುವ ಎಂಟು ಗಣ ಇವೇ. 64 ಅಕ್ಷರದ ಸಾಲು ಬರೆದರೆ 2⁶⁴ ವಿನ್ಯಾಸ.

ಈ ‘ಅರ್ಧ ಮಾಡುವುದು’ ನೆನಪಿರಲಿ. ಮುಂದಿನ ಹಲವು ಉತ್ತರಗಳಿಗೆ ಇದೇ ಬೀಗದಕೈ.

ಇದು ಅವಿಭಾಜ್ಯ ಸಂಖ್ಯೆಯಾ?

ಅಲ್ಲ. ಕೊನೆಯ ಅಂಕಿ 5, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87, ಅದು 3ರ ಮಗ್ಗಿಯಲ್ಲಿದೆ, ಹಾಗಾಗಿ 3ರಿಂದಲೂ ಹೋಗುತ್ತದೆ. 87 ಒಂಬತ್ತರ ಮಗ್ಗಿಯಲ್ಲಿಲ್ಲ, ಹಾಗಾಗಿ 9ರಿಂದ ಹೋಗುವುದಿಲ್ಲ. 7ರಿಂದ ಭಾಗಿಸಿದರೆ 1 ಉಳಿಯುತ್ತದೆ.

ಆದರೆ ಹೀಗೆ ಒಂದೊಂದೇ ಹುಡುಕುವ ಅಗತ್ಯವೇ ಇಲ್ಲ. ಹೈಸ್ಕೂಲ್‌ನಲ್ಲಿ ಕಲಿತ ಒಂದು ಸೂತ್ರ ಸಾಕು: ಅ² − ಬ² = (ಅ + ಬ)(ಅ − ಬ). 2⁶⁴ ಅನ್ನುವುದು 2³²ರ ವರ್ಗ. ಹಾಗಾದರೆ

2⁶⁴ − 1 = (2³² + 1)(2³² − 1)

ಈಗ 2³² − 1 ನೋಡಿ, ಅದೂ ಅದೇ ರೂಪದಲ್ಲಿದೆ. ಮತ್ತೆ ಒಡೆಯಿರಿ, (2¹⁶ + 1)(2¹⁶ − 1). ಮತ್ತೆ ಒಡೆಯಿರಿ. ಈರುಳ್ಳಿ ಸಿಪ್ಪೆ ಸುಲಿದ ಹಾಗೆ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು

3 × 5 × 17 × 257 × 65,537 × 4,29,49,67,297

ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಪೆನ್ನು ಹಿಡಿದು ಎರಡು ನಿಮಿಷದಲ್ಲಿ ಇಷ್ಟು ಒಡೆಯಬಹುದು. ಸುಮ್ನೆ ಯಾವುದೋ ಇಪ್ಪತ್ತು ಅಂಕಿ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಕಾಳಿನ ಕಡೆಯಿಂದಲೂ ನೋಡಿ. 2³² − 1 ಅಂದರೆ ಅರ್ಧ ಮಣೆಯ ಕಾಳು. ಹಾಗಾದರೆ ಇಡೀ ಮಣೆ ಅಂದರೆ ಅರ್ಧ ಮಣೆಯ 4,29,49,67,297 ಪಟ್ಟು.

ಆ ಕೊನೆಯ 4,29,49,67,297 ಅವಿಭಾಜ್ಯ ಹೌದೋ ಅಲ್ಲವೋ?

ಇದು ಸಣ್ಣ ಪ್ರಶ್ನೆಯಲ್ಲ. ಗಣಿತದ ಚರಿತ್ರೆಯಲ್ಲಿ ಸುಮಾರು ತೊಂಬತ್ತು ವರ್ಷ ನಿಂತಿದ್ದ ಪ್ರಶ್ನೆ.

3, 5, 17, 257, 65,537. ಈ ಐದೂ ಅವಿಭಾಜ್ಯ. ಎಲ್ಲವೂ 2ರ ಒಂದು ಘಾತಕ್ಕೆ 1 ಕೂಡಿದರೆ ಬರುವಂಥವು, ಮತ್ತು ಆ ಘಾತಸೂಚಿ ಕ್ರಮವಾಗಿ 1, 2, 4, 8, 16. ಫ್ರಾನ್ಸಿನ ಪಿಯೆರ್ ಫರ್ಮಾ 1640ರ ಸುಮಾರಿಗೆ ಇದನ್ನು ಗಮನಿಸಿ, ಹೀಗೇ ಮುಂದುವರಿಸಿದರೆ ಎಲ್ಲವೂ ಅವಿಭಾಜ್ಯವೇ ಆಗುತ್ತವೆ ಎಂದು ನಂಬಿದರು. ಸಾಬೀತು ಮಾಡಲು ಅವರಿಗೆ ಆಗಲಿಲ್ಲ. 1729ರಲ್ಲಿ ಗೋಲ್ಡ್‌ಬಾಕ್ ಈ ವಿಷಯವನ್ನು ಪತ್ರದಲ್ಲಿ ಗಣಿತಜ್ಞ ಆಯ್ಲರ್ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್ ಉತ್ತರ ಹೇಳಿದರು:

4,29,49,67,297 = 641 × 67,00,417

ಫರ್ಮಾ ಊಹೆ ಬಿದ್ದುಹೋಯಿತು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಆಯ್ಲರ್ ಹುಡುಕಿದ ರೀತಿ. ಅವರು 3, 7, 11 ಅಂತ ಸಿಕ್ಕಿದ್ದರಿಂದೆಲ್ಲ ಭಾಗಿಸುತ್ತಾ ಕೂರಲಿಲ್ಲ. ಮೊದಲು ಯೋಚಿಸಿದರು, ಆಮೇಲೆ ಭಾಗಿಸಿದರು.

ಯೋಚನೆ ಹೀಗೆ. ಒಂದು ಅವಿಭಾಜ್ಯ ಸಂಖ್ಯೆ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. 2, 4, 8, 16 ಅಂತ ಘಾತಗಳನ್ನು ಅದರಿಂದ ಭಾಗಿಸಿ ಶೇಷ ಬರೆಯುತ್ತಾ ಹೋದರೆ, ಶೇಷಗಳು ಸುತ್ತು ಹೊಡೆದು ಮತ್ತೆ 1ಕ್ಕೆ ಬರುತ್ತವೆ. 32ನೇ ಹೆಜ್ಜೆಯಲ್ಲಿ ಶೇಷ ‘ಒಂದು ಕಡಿಮೆ’, ಅಂದರೆ −1. ಹಾಗಾಗಿ 64ನೇ ಹೆಜ್ಜೆಯಲ್ಲಿ 1. ಸುತ್ತಿನ ಉದ್ದ ಸರಿಯಾಗಿ 64. ಈ ಸುತ್ತಿನ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸಲೇಬೇಕು. ಹಾಗಾದರೆ ನಾವು ಹುಡುಕುವ ಅವಿಭಾಜ್ಯ 64ರ ಮಗ್ಗಿಗೆ 1 ಕೂಡಿದಂತೆ ಇರಲೇಬೇಕು. ಈ ಕೊನೆಯ ನಿಯಮ ಯಾರದು ಗೊತ್ತಾ? ಫರ್ಮಾ ಅವರದೇ. ಅವರ ನಿಯಮವೇ ಅವರ ಊಹೆಯನ್ನು ಕೆಡವಿತು.

64ರ ಮಗ್ಗಿಗೆ 1 ಕೂಡಿ: 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ 193, 257, 449, 577, 641 ಮಾತ್ರ. ಐದನೇ ಪ್ರಯತ್ನಕ್ಕೆ ಸಿಕ್ಕಿಬಿಡುತ್ತದೆ. ಮಗ್ಗಿಯ ಹತ್ತನೇ ಸಾಲಿನಲ್ಲಿ ಉತ್ತರ ಕಾದು ಕೂತಿತ್ತು.

641ರಿಂದ ಭಾಗ ಹೋಗುತ್ತದೆ ಅಂತ ನಾನೇ ಖಾತ್ರಿ ಮಾಡಿಕೊಳ್ಳಬಹುದಾ?

ಖಂಡಿತ. ಗುಣಿಸಿ ನೋಡುವುದು ಒಂದು ದಾರಿ. 67,00,417ನ್ನು 600ರಿಂದ ಗುಣಿಸಿದರೆ 4,02,02,50,200. 40ರಿಂದ ಗುಣಿಸಿದರೆ 26,80,16,680. ಒಂದರಿಂದ 67,00,417. ಮೂರನ್ನೂ ಕೂಡಿ.

ಇನ್ನೊಂದು ದಾರಿಯಲ್ಲಿ ದೊಡ್ಡ ಗುಣಾಕಾರವೇ ಇಲ್ಲ. 641ನ್ನು ಎರಡು ಥರ ಬರೆಯಬಹುದು. 641 = 640 + 1, ಅಂದರೆ 5 × 2⁷ + 1. ಮತ್ತೆ 641 = 625 + 16, ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿದಾಗ ಉಳಿಯುವ ಶೇಷ ಮಾತ್ರ ನೋಡೋಣ. ಮೊದಲನೆಯದರಿಂದ 5 × 2⁷ಕ್ಕೆ ಶೇಷ −1. ನಾಲ್ಕನೇ ಘಾತ ತೆಗೆದುಕೊಂಡರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರಿಂದ, 5⁴ ಇರುವ ಕಡೆ −2⁴ ಹಾಕಬಹುದು. ಹಾಕಿದರೆ −2³²ಕ್ಕೆ ಶೇಷ 1. ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಮುಗಿಯಿತು!

ಕಪ್ಪು ಹಲಗೆಯ ಮೇಲೆ ನಾಲ್ಕು ಸಾಲು. ಎಷ್ಟು ಸಲ ಬರೆದಿದ್ದರೂ ಕೊನೆಯ ಸಾಲು ಬರೆಯುವಾಗ ನನಗೆ ಇನ್ನೂ ಖುಷಿಯಾಗುತ್ತದೆ.

ಹಾಗಾದರೆ ಒಟ್ಟು ಎಷ್ಟು ಭಾಜಕ? ಇದು ವರ್ಗ ಸಂಖ್ಯೆಯಾ, ಪರಿಪೂರ್ಣ ಸಂಖ್ಯೆಯಾ?

ಪೂರ್ತಿ ಒಡೆದರೆ 3 × 5 × 17 × 257 × 641 × 65,537 × 67,00,417. ಏಳು ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳಬಹುದು ಇಲ್ಲಾ ಬಿಡಬಹುದು, ಹಾಗಾಗಿ ಭಾಜಕಗಳು 2⁷ = 128. ಎರಡರ ಘಾತ ಇಲ್ಲೂ ಬಂತು. ಯಾವುದೂ ಎರಡು ಸಲ ಬರದ ಕಾರಣ ಇದು ವರ್ಗವೂ ಅಲ್ಲ, ಘನವೂ ಅಲ್ಲ. ಪರಿಪೂರ್ಣವೂ ಅಲ್ಲ. ಪರಿಪೂರ್ಣ ಆಗಬೇಕಾದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದಾಗ ತಾನೇ ಬರಬೇಕು, ಇಲ್ಲಿ ತನ್ನ ಶೇಕಡ 70ರಷ್ಟು ಮಾತ್ರ ಆಗುತ್ತದೆ.

ಈ ಸಂಖ್ಯೆಯ ಗುಣಗಳಲ್ಲಿ ನಿಮಗೆ ಜಾಸ್ತಿ ಇಷ್ಟವಾದದ್ದು ಯಾವುದು?

ಇದನ್ನು ಕೇಳಿದವರು ಕಡಿಮೆ, ಆದರೆ ಕೇಳಿದಾಗೆಲ್ಲ ಅರ್ಧ ಗಂಟೆ ಹಿಡಿದಿದೆ.

ಮೊದಲ ನಾಲ್ಕು ಮನೆ ಮಾತ್ರ ತೆಗೆದುಕೊಳ್ಳಿ. ಒಟ್ಟು 1 + 2 + 4 + 8 = 15 ಕಾಳು. ಈಗ 1ರಿಂದ 15ರವರೆಗೆ, 15ರ ಜೊತೆ ಯಾವ ಸಾಮಾನ್ಯ ಭಾಜಕವೂ ಇಲ್ಲದ ಸಂಖ್ಯೆಗಳನ್ನು (1ನ್ನು ಬಿಟ್ಟು ಎರಡನ್ನೂ ಭಾಗಿಸುವ ಸಂಖ್ಯೆ ಇರಬಾರದು) ಬರೆಯಿರಿ: 1, 2, 4, 7, 8, 11, 13, 14. ಎಷ್ಟಾಯಿತು? ಎಂಟು. ನಾಲ್ಕನೇ ಮನೆಯಲ್ಲಿ ಎಷ್ಟು ಕಾಳಿತ್ತು? ಎಂಟು.

ಆಕಸ್ಮಿಕ ಇರಬಹುದು ಅನ್ನಿಸುತ್ತದೆ ಅಲ್ವಾ? ಮೊದಲ ಸಾಲು ಪೂರ್ತಿ, ಎಂಟು ಮನೆ ನೋಡಿ. ಒಟ್ಟು 255 ಕಾಳು. 255ರ ಜೊತೆ ಸಾಮಾನ್ಯ ಭಾಜಕ ಇಲ್ಲದವು 2 × 4 × 16 = 128. ಎಂಟನೇ ಮನೆಯಲ್ಲಿ ಇರುವುದು 128 ಕಾಳು. ಎರಡು ಸಾಲು, 16 ಮನೆ: ಒಟ್ಟು 65,535, ಅಂಥ ಸಂಖ್ಯೆಗಳು 32,768. ಹದಿನಾರನೇ ಮನೆಯಲ್ಲೂ 32,768. ಅರ್ಧ ಮಣೆ, 32 ಮನೆ: ಅಲ್ಲೂ ಸರಿಯಾಗಿ 2³¹, ಮೂವತ್ತೆರಡನೇ ಮನೆಯ ಕಾಳು!

ಇಡೀ ಮಣೆಗೆ ಬಂದಾಗ ಇದು ತಪ್ಪುತ್ತದೆ.

ಕಾರಣ 641. ಈ ಎಣಿಕೆ ಮಾಡುವಾಗ ಪ್ರತಿ ಅವಿಭಾಜ್ಯದಿಂದ ಒಂದು ಕಳೆದು ಗುಣಿಸುತ್ತೇವೆ. 3, 5, 17, 257, 65,537ರಿಂದ ಒಂದೊಂದು ಕಳೆದರೆ 2, 4, 16, 256, 65,536, ಎಲ್ಲವೂ ಎರಡರ ಘಾತ. 641ರಿಂದ ಒಂದು ಕಳೆದರೆ 640, ಅದರೊಳಗೆ 5 ಇದೆ. ಅಲ್ಲಿಗೆ ಎರಡರ ಘಾತ ಅನ್ನುವುದು ಹೋಯಿತು. ಫರ್ಮಾ ಊಹೆ ನಿಜವಾಗಿದ್ದರೆ ಇಡೀ ಮಣೆಗೂ ಈ ಲೆಕ್ಕ ಕೂಡಿಬರುತ್ತಿತ್ತು. 1732ರ ಆ ಒಂದು ಭಾಗಾಕಾರದ ಗುರುತು ಚದುರಂಗದ ಮಣೆಯ ಮೇಲೆ ಹೀಗೆ ಕಾಣುತ್ತದೆ.

ಗಾಸ್ ಅವರ 17 ಬಾಹುಗಳ ಆಕೃತಿಗೂ ಇದಕ್ಕೂ ಸಂಬಂಧ ಇದೆ ಅಂತಾರಲ್ಲ?

ಇದೆ. 1796ರಲ್ಲಿ, ಇನ್ನೂ 19 ತುಂಬದ ಜರ್ಮನ್ ಗಣಿತಜ್ಞ ಗಾಸ್, ಬರೀ ಅಳತೆಪಟ್ಟಿಯ ಅಂಚು ಮತ್ತು ಕೈವಾರ ಬಳಸಿ 17 ಸಮ ಬಾಹುಗಳ ಆಕೃತಿ ರಚಿಸಬಹುದು ಎಂದು ತೋರಿಸಿದರು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಹೀಗೆ ರಚಿಸಲು ಆಗುವುದು ಅದು ಫರ್ಮಾ ಅವಿಭಾಜ್ಯಗಳ (ಅಂದರೆ ಫರ್ಮಾ ಪಟ್ಟಿಯಲ್ಲಿ ಬರುವ ಅವಿಭಾಜ್ಯಗಳ) ಗುಣಲಬ್ಧವಾಗಿದ್ದಾಗ ಮಾತ್ರ, ಅದೂ ಒಂದೊಂದು ಒಂದೇ ಸಲ ಬರಬೇಕು. ಇವತ್ತಿಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಆ ಐದೇ. ಐದನ್ನೂ ಗುಣಿಸಿದರೆ 2³² − 1, ಅಂದರೆ ಅರ್ಧ ಮಣೆಯ ಕಾಳು. ಬೆಸ ಬಾಹುಗಳ ಆಕೃತಿಗಳಲ್ಲಿ ರಚಿಸಬಹುದು ಅಂತ ನಮಗೆ ಗೊತ್ತಿರುವ ಅತಿ ದೊಡ್ಡದು ಇದೇ. ಇಡೀ ಮಣೆಯ ಸಂಖ್ಯೆಯಷ್ಟು ಬಾಹು ಇದ್ದರೆ ಆಗುವುದಿಲ್ಲ, ಮತ್ತೆ 641 ಅಡ್ಡ.

ಮೇರು ಪ್ರಸ್ತಾರದಲ್ಲೂ ಈ ಸಂಖ್ಯೆ ಸಿಗುತ್ತದಾ?

ಸಿಗುತ್ತದೆ. ಮೇರು ಪ್ರಸ್ತಾರ ಅಂದರೆ ಪ್ಯಾಸ್ಕಲ್ ತ್ರಿಕೋನ ಅಂತ ಪುಸ್ತಕದಲ್ಲಿ ಇರುವುದೇ. ಪಿಂಗಳನ ಗ್ರಂಥಕ್ಕೆ ಹತ್ತನೇ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಅದರ ವಿವರ ಇದೆ. ಮೇಲೆ ಒಂದು 1, ಕೆಳಗೆ 1 1, ಅದರ ಕೆಳಗೆ 1 2 1, ಆಮೇಲೆ 1 3 3 1. ಈಗ ಬೆಸ ಸಂಖ್ಯೆ ಇದ್ದಲ್ಲಿ 1, ಸಮ ಇದ್ದಲ್ಲಿ 0 ಬರೆಯಿರಿ. ಸಾಲುಗಳು 1, 11, 101, 1111, 10001 ಆಗುತ್ತವೆ. ಇವನ್ನು ದ್ವಿಮಾನ ಪದ್ಧತಿಯ (0 ಮತ್ತು 1 ಮಾತ್ರ ಬಳಸಿ ಬರೆಯುವ) ಸಂಖ್ಯೆಗಳೆಂದು ಓದಿದರೆ 1, 3, 5, 15, 17. ಗುರುತು ಸಿಕ್ಕಿತಾ? ಎಂಟನೇ ಸಾಲು 255. ಅರವತ್ತನಾಲ್ಕನೇ ಸಾಲಿಗೆ ಬಂದರೆ ಬರೀ 64 ಒಂದುಗಳು. ಅದೇ ನಮ್ಮ ಸಂಖ್ಯೆ. ಅಷ್ಟೇ ಅಲ್ಲ, ಅದಕ್ಕಿಂತ ಮೇಲಿನ ಪ್ರತಿ ಸಾಲೂ ಅದನ್ನು ಶೇಷ ಇಲ್ಲದೆ ಭಾಗಿಸುತ್ತದೆ.

ಮಕ್ಕಳಿಗೆ ಚೌಕುಳಿ ಹಾಳೆ ಕೊಟ್ಟು, 1 ಇರುವ ಮನೆಗೆ ಬಣ್ಣ ತುಂಬಲು ಹೇಳಿ. ಹದಿನಾರು ಸಾಲು ತುಂಬುವಷ್ಟರಲ್ಲಿ ತ್ರಿಕೋನದೊಳಗೆ ತ್ರಿಕೋನ ಕಾಣಿಸುತ್ತದೆ.

ಈ ಸಂಖ್ಯೆಯಲ್ಲಿ 2 ಅನ್ನುವ ಅಂಕಿಯೇ ಇಲ್ಲವಂತೆ, ನಿಜವಾ?

ನಿಜ. 0, 1, 3, 4, 5, 6, 7, 8, 9 ಎಲ್ಲ ಇವೆ, 2 ಒಂದೇ ಇಲ್ಲ. 4 ನಾಲ್ಕು ಸಲ ಬರುತ್ತದೆ. ಎರಡನ್ನೇ ಗುಣಿಸಿ ಗುಣಿಸಿ ಕಟ್ಟಿದ ಸಂಖ್ಯೆಯಲ್ಲಿ ಎರಡೇ ಇಲ್ಲ ಅಂದರೆ ಮಕ್ಕಳಿಗೆ ತುಂಬಾ ಖುಷಿ. ಆದರೆ ಇದರ ಹಿಂದೆ ಕಾರಣ ಏನೂ ಇಲ್ಲ. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ ಅನ್ನುವುದಷ್ಟೇ. 641ರ ಕಥೆ ಹಾಗಲ್ಲ, ಯಾವ ಪದ್ಧತಿಯಲ್ಲಿ ಬರೆದರೂ ಅದು ನಿಜ. ಈ ವ್ಯತ್ಯಾಸ ಮಕ್ಕಳಿಗೆ ಬೇಗ ತಿಳಿದಷ್ಟೂ ಒಳ್ಳೆಯದು.

ಕಂಪ್ಯೂಟರ್‌ನಲ್ಲಿ ಈ ಸಂಖ್ಯೆ ಯಾಕೆ ಅಷ್ಟು ಸಲ ಬರುತ್ತದೆ?

ಇವತ್ತಿನ ಕಂಪ್ಯೂಟರ್, ಮೊಬೈಲ್ ಬಹುಪಾಲು 64 ಬಿಟ್‌ನವು. ಒಂದು ಬಿಟ್ ಅಂದರೆ 0 ಇಲ್ಲಾ 1. ಅರವತ್ತನಾಲ್ಕಕ್ಕೂ 1 ತುಂಬಿದರೆ ಬರುವ ಸಂಖ್ಯೆ ಇದು. ಋಣ ಸಂಖ್ಯೆ ಬೇಡ ಅಂದರೆ 64 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ. ಇದಕ್ಕೆ ಒಂದು ಕೂಡಿದರೆ, ಹಳೆಯ ಸ್ಕೂಟರ್‌ನ ಮೀಟರ್ 99999 ಆದಮೇಲೆ ಸೊನ್ನೆಗೆ ತಿರುಗುತ್ತಿತ್ತಲ್ಲ, ಹಾಗೆ ಸೊನ್ನೆ ಆಗುತ್ತದೆ.

32 ಬಿಟ್ ಸಾಲದೇ ಹೋಗುವ ದಿನವೊಂದು ಮುಂದೆ ಬರಲಿದೆ. 1970ರ ಜನವರಿ 1ರಿಂದ ಸೆಕೆಂಡ್ ಎಣಿಸುವ ಹಳೆಯ 32 ಬಿಟ್ ವ್ಯವಸ್ಥೆಗಳಲ್ಲಿ ಒಂದು ಬಿಟ್ ಚಿಹ್ನೆಗೆ ಹೋಗಿ 31 ಉಳಿಯುತ್ತದೆ. ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. 64 ಬಿಟ್‌ಗೆ ಬದಲಾಯಿಸಿಕೊಂಡರೆ ಆ ಚಿಂತೆ ಇಲ್ಲ.

ಈ ಸಂಖ್ಯೆಯ ಅಗಾಧತೆ ಹೀಗೂ ಗೊತ್ತಾಗುತ್ತದೆ: ಸೆಕೆಂಡಿಗೆ ನೂರು ಕೋಟಿ ಎಣಿಸುವ ಕಂಪ್ಯೂಟರ್ ಒಂದರಿಂದ ಶುರು ಮಾಡಿ ಇಲ್ಲಿಯವರೆಗೆ ಎಣಿಸಿ ಮುಗಿಸಲು ಸುಮಾರು 584 ವರ್ಷ.

ನನ್ನ ಮೊಬೈಲ್ ಬೇರೆ ಉತ್ತರ ತೋರಿಸುತ್ತದೆ. ಯಾಕೆ?

ಬಹಳ ಕ್ಯಾಲ್ಕುಲೇಟರ್‌ಗಳು ಮೊದಲ ಕೆಲವು ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಂಡು ಉಳಿದದ್ದನ್ನು ದುಂಡು ಮಾಡುತ್ತವೆ. ಎಕ್ಸೆಲ್‌ನಲ್ಲಿ 15 ಅಂಕಿ ಆದಮೇಲೆ ಸೊನ್ನೆ ಕೂರುತ್ತವೆ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ 18446744073709552000 ಅನ್ನುತ್ತದೆ. ಅದು ಮಾಮೂಲಿಯಾಗಿ 9,00,71,99,25,47,40,991ರವರೆಗೆ ಮಾತ್ರ ಪ್ರತಿ ಪೂರ್ಣಾಂಕವನ್ನೂ ತಪ್ಪಿಲ್ಲದೆ ಹಿಡಿಯುತ್ತದೆ. ಪೈಥಾನ್‌ನಲ್ಲಿ 2**64-1 ಅಂತ ಬರೆಯಿರಿ, ಇಪ್ಪತ್ತೂ ಅಂಕಿ ಸರಿಯಾಗಿ ಬರುತ್ತವೆ.

ಕಾಶಿಯ ಬ್ರಹ್ಮಗೋಪುರದ 64 ಬಿಲ್ಲೆಗಳ ಕಥೆ?

ಅದೂ ಇದೇ ಸಂಖ್ಯೆ. ಮೂರು ಕಂಬ, 64 ಬಿಲ್ಲೆ, ಸಣ್ಣದರ ಮೇಲೆ ದೊಡ್ಡದು ಇಡಬಾರದು, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಕಾಶಿಯ ದೇವಸ್ಥಾನದಲ್ಲಿ ಪುರೋಹಿತರು ಇದನ್ನು ಮಾಡುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂಬ ಕಥೆ 1883ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಹೊರತಂದ ಆಟಿಕೆಯ ಸುತ್ತ ಫ್ರಾನ್ಸಿನಲ್ಲೇ ಹುಟ್ಟಿದ್ದು. ಬೇಕಾಗುವ ಹೆಜ್ಜೆ 2⁶⁴ − 1. ಸೆಕೆಂಡಿಗೆ ಒಂದರಂತೆ ಇಟ್ಟರೂ ಸುಮಾರು 58,454 ಕೋಟಿ ವರ್ಷ. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ.

ಇದರ ಅಕ್ಕಪಕ್ಕದ ಸಂಖ್ಯೆಗಳು ಹೇಗಿವೆ?

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. 615ರಲ್ಲಿ ಕೊನೆಯಾಗುವ ನಮ್ಮದರಲ್ಲಿ ಏಳು ಬೇರೆ ಬೇರೆ ಅವಿಭಾಜ್ಯ. 616ರಲ್ಲಿ ಕೊನೆಯಾಗುವುದರಲ್ಲಿ ಬರೀ 2, ಅರವತ್ತನಾಲ್ಕು ಸಲ. ಅದರ ಮುಂದಿನದು 617, ಅಂದರೆ 2⁶⁴ + 1. ಫರ್ಮಾ ಪಟ್ಟಿಯಲ್ಲಿ 4,29,49,67,297 ಆದಮೇಲೆ ಬರುವುದು ಇದೇ. ಇದಕ್ಕೆ ಅ² − ಬ² ಸೂತ್ರ ನಡೆಯುವುದಿಲ್ಲ, ಮಧ್ಯೆ ಕೂಡುವ ಚಿಹ್ನೆ ಇದೆಯಲ್ಲ. 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಇದನ್ನು ಒಡೆದು ಪ್ರಕಟಿಸಿದರು: 2,74,177 × 67280421310721. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲ ಕೈಲೆಕ್ಕ.

ಆ ಪಟ್ಟಿಯಲ್ಲಿ 65,537 ಆದಮೇಲೆ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಯಾರೂ ಸಾಬೀತು ಮಾಡಿಯೂ ಇಲ್ಲ. ಮೊದಲನೆಯ 3ನ್ನು ಸೊನ್ನೆಯ ಸ್ಥಾನದಲ್ಲಿಟ್ಟು ಎಣಿಸಿದರೆ, ಐದರಿಂದ ಮೂವತ್ತೆರಡನೇ ಸ್ಥಾನದವರೆಗಿನ ಎಲ್ಲವೂ ಒಡೆಯುವ ಸಂಖ್ಯೆಗಳೇ ಎಂದು ಗೊತ್ತಾಗಿದೆ. ಮೂವತ್ತಮೂರನೆಯದು ಇನ್ನೂ ಬಾಕಿ ಇದೆ.